ಬೀಗ ಜಡಿದರೆ ಕಾದಂತಾಯಿತೆ?

2001ನೇ ಇಸವಿ, ಆಗಸ್ಟ್ 6. ಬೆಳಗಿನ ಜಾವ. ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿ ಎಂಬ ಊರಿನಲ್ಲಿ, ದರ್ಗಾದ ಆಸುಪಾಸು ಖಾಸಗಿಯವರು ನಡೆಸುತ್ತಿದ್ದ ಒಂದು 'ಮಾನಸಿಕ ರೋಗಿಗಳ ಮನೆ'ಗೆ ಬೆಂಕಿ ಬಿತ್ತು. ಗರಿ ಹೊದಿಸಿದ ಕೊಟ್ಟಿಗೆ. ಒಳಗೆ ನಲವತ್ತಕ್ಕೂ ಹೆಚ್ಚು ಜನ. ಬಹಳಷ್ಟು ಮಂದಿಯ ಕಾಲಿಗೆ ಸರಪಳಿ. ಓಡಬೇಕೆಂದರೂ ಓಡಲಾಗಲಿಲ್ಲ. ಒಟ್ಟು 28 ಜನ ಸತ್ತರು.

ಅವರನ್ನು ಕಟ್ಟಿದ್ದು ಯಾಕೆ ಗೊತ್ತೆ? ಎಲ್ಲಿಯೂ ತಪ್ಪಿಸಿಕೊಂಡು ಹೋಗಬಾರದು, ಯಾರಿಗೂ ಹೊಡೀಬಾರದು, ತಮಗೆ ತಾವೇ ಏನೂ ಮಾಡ್ಕೋಬಾರದು ಅಂತ. ಅಂದರೆ ಅವರ ರಕ್ಷಣೆಗೇ ಅಂತ! ಕಾಯಲೆಂದು ಹಾಕಿದ ಸರಪಳಿಯೇ ಕೊಂದು ಹಾಕಿತು.

ಈ ಸುದ್ದಿ ಓದಿ ಅವತ್ತು ದೇಶವೇ ಅಯ್ಯೋ ಎಂದಿತು. ಸುಪ್ರೀಂ ಕೋರ್ಟು ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಅಂಥ ಮನೆಗಳ ಬಾಗಿಲು ಮುಚ್ಚಿಸಿದರು. ಆಮೇಲೆ ಎಲ್ಲರೂ ತಂತಮ್ಮ ಕೆಲಸಕ್ಕೆ ಹೋದರು. ಆದರೆ ಏರ್ವಾಡಿ ಕೇಳಿದ ಪ್ರಶ್ನೆ ಹಾಗೇ ಉಳಿದಿದೆ. ಮನಸ್ಸು ಕೆಟ್ಟ ಮನುಷ್ಯನನ್ನು ಗಾಯವಾಗದ ಹಾಗೆ, ಜೀವಕ್ಕೆ ಅಪಾಯವಾಗದ ಹಾಗೆ ನೋಡಿಕೊಳ್ಳುವುದು ಹೇಗೆ?

'ನಮಗ್ಯಾಕ್ರೀ ಆ ಉಸಾಬರಿ?' ಅನ್ನಬೇಡಿ. ಅಂಗಡಿ ಗಲ್ಲೆಯ ಮೇಲೆ ಕೂತವರ ಮನೆಯಲ್ಲೂ ತಮ್ಮ ಇರುತ್ತಾನೆ, ತಂಗಿ ಇರುತ್ತಾಳೆ. ಬಸ್ಸಿನ ಕಂಬಿ ಹಿಡಿದು ನಿಂತವರ ಮನೆಯಲ್ಲೂ ಹಡೆದ ಹೆಣ್ಣುಮಗಳಿರುತ್ತಾಳೆ, ವಯಸ್ಸಾದ ತಂದೆ ಇರುತ್ತಾನೆ. ಯಾವ ಮನೆಗೆ ಯಾವಾಗ ಈ ಕಾಯಿಲೆ ಬರುತ್ತೆ ಅಂತ ಯಾರೂ ಹೇಳಲಾರರು. ಬಂದಾಗ ಅಡ್ಮಿಟ್ ಮಾಡಿ ಬರೋದು ಒಂದು ಕೆಲಸ. ಒಳಗೆ ಅವರು ಸುರಕ್ಷಿತವಾಗಿದ್ದಾರೆಯೇ ಅಂತ ತಿಳಿದುಕೊಳ್ಳೋದು ಇನ್ನೊಂದು ಕೆಲಸ. ಈ ಎರಡನೇ ಕೆಲಸ ಮಾಡುವವರು ಕಡಿಮೆ.

ಜೈಲಿನ ಅಣ್ಣತಮ್ಮ

ನಮ್ಮ ದೇಶದ ಹಳೆಯ ಹುಚ್ಚಾಸ್ಪತ್ರೆಗಳನ್ನು ಕಟ್ಟಿಸಿದ್ದು ಇಂಗ್ಲಿಷರ ಕಾಲದಲ್ಲಿ. ಧಾರವಾಡದ ಆಸ್ಪತ್ರೆಯ ಮೂಲ 1845ರ ಸುಮಾರಿನದು. ಬೆಂಗಳೂರಿನದೂ ಹೆಚ್ಚುಕಡಿಮೆ ಅದೇ ಕಾಲದ್ದು. ಆಗ ಚಿಕಿತ್ಸೆಗೆ ಸರಿಯಾದ ಔಷಧಿಯೇ ಇರಲಿಲ್ಲ. ರೋಗಿಯನ್ನು ಊರಿನಿಂದ ಆಚೆ ಇಡುವುದೇ ಮುಖ್ಯ. ಅದಕ್ಕೇ ಎತ್ತರದ ಗೋಡೆ, ದಪ್ಪ ಕಬ್ಬಿಣದ ಸಲಾಕೆ, ಒಬ್ಬೊಬ್ಬರನ್ನೇ ಕೂಡಿಹಾಕುವ ಕೋಣೆ. 1912ರ ಕಾನೂನಿನ ಹೆಸರೇ 'ಲೂನಸಿ ಆಕ್ಟ್'. ಅದು ತೊಲಗಿ ಹೊಸ ಕಾಯಿದೆ ಬಂದದ್ದು 1987ರಲ್ಲಿ. ಅದು ಜಾರಿಯಾಗಲು 1993ರವರೆಗೆ ಕಾಯಬೇಕಾಯಿತು!

ರಾಷ್ಟ್ರೀಯ ಮಾನವ ಹಕ್ಕು ಆಯೋಗ ನಿಮ್ಹಾನ್ಸ್ ಜತೆ ಸೇರಿ ದೇಶದ 37 ಸರಕಾರಿ ಮಾನಸಿಕ ಆಸ್ಪತ್ರೆಗಳನ್ನು ಸುತ್ತಿ ನೋಡಿ 1999ರಲ್ಲಿ ಒಂದು ವರದಿ ಕೊಟ್ಟಿತು. ನೂರಕ್ಕೆ 38 ಆಸ್ಪತ್ರೆಗಳು ಇನ್ನೂ ಹುಟ್ಟಿದಾಗಿನ ಜೈಲಿನ ಆಕಾರದಲ್ಲೇ ಇವೆ ಎಂದಿತು. ರೋಗಿಗಳನ್ನು ನೋಡಿಕೊಳ್ಳುವವರಿಗೆ ಅಲ್ಲೆಲ್ಲ ಇದ್ದ ಹೆಸರು 'ವಾರ್ಡರ್'. ಜೈಲಿನಲ್ಲೂ ಅದೇ ಹೆಸರು. ಕರೆಯುವ ಹೆಸರು ಹೇಗೋ ನಡವಳಿಕೆಯೂ ಹಾಗೇ.

ಇಲ್ಲಿ ಒಂದು ಮಾತು. ಅವತ್ತಿನಿಂದ ಇವತ್ತಿಗೆ ಬಹಳ ಬದಲಾಗಿದೆ. ಧಾರವಾಡದ ಆಸ್ಪತ್ರೆ ಡಿಮ್ಹಾನ್ಸ್ ಆಯಿತು. ಬೆಂಗಳೂರಿನದು 1974ರಲ್ಲೇ ನಿಮ್ಹಾನ್ಸ್ ಆಗಿ ದೇಶಕ್ಕೇ ದೊಡ್ಡದಾಯಿತು. ಅಲ್ಲಿ ಬಾಗಿಲು ತೆರೆದ ವಾರ್ಡುಗಳಿವೆ, ಮನೆಯವರು ರೋಗಿಯ ಜತೆಯೇ ಇರುವ ವಾರ್ಡುಗಳಿವೆ. ಆದರೆ ಕಟ್ಟಡ ಬದಲಾದಷ್ಟು ಬೇಗ ಜನರ ತಲೆ ಬದಲಾಗಲಿಲ್ಲ. 'ಜೋರು ಮಾಡ್ತಾನ್ರೀ, ಕಟ್ಟಿ ಹಾಕ್ರಿ' ಅಂತ ಹೇಳುವ ಮನೆಯವರು ಇವತ್ತಿಗೂ ಇದ್ದಾರೆ.

ಒಳಗೆ ಗಾಯ ಆಗೋದು ಹೇಗೆ?

ಮಾನಸಿಕ ಆಸ್ಪತ್ರೆಯಲ್ಲಿ ಅಪಾಯ ಎಂದ ಕೂಡಲೆ ಜನರ ಕಣ್ಣ ಮುಂದೆ ಬರುವುದು ಸಿನಿಮಾದ ದೃಶ್ಯ. ಕೂದಲು ಕೆದರಿಕೊಂಡು ಮೇಲೆ ಬೀಳುವ ಹುಚ್ಚ! ನಿಜ ಬೇರೆಯೇ ಇದೆ. ಅಲ್ಲಿ ಗಾಯವಾಗುವ ಎಷ್ಟೋ ಪ್ರಸಂಗಗಳು ನಮ್ಮ ನಿಮ್ಮ ಬಚ್ಚಲುಮನೆಯ ಪ್ರಸಂಗಗಳೇ.

ಮೊದಲನೆಯದು ಬೀಳುವುದು. ಕೆಲವು ಮಾತ್ರೆಗಳಿಗೆ ಮಂಪರು ಹತ್ತುತ್ತದೆ. ಕೆಲವಕ್ಕೆ ಮಲಗಿದವರು ಥಟ್ಟನೆ ಎದ್ದರೆ ಬಿ.ಪಿ. ಇಳಿದು ಕಣ್ಣು ಕತ್ತಲೆ ಬರುತ್ತದೆ. ನಡುರಾತ್ರಿ ಮೂತ್ರಕ್ಕೆಂದು ಎದ್ದ ಮುದುಕ, ಕತ್ತಲ ಓಣಿ, ಪಾಚಿ ಕಟ್ಟಿದ ಒದ್ದೆ ನೆಲ. ಮುಗೀತು, ಸೊಂಟದ ಮೂಳೆ ಹೋಯಿತು. ಇದಕ್ಕೆ ಔಷಧಿ ಯಾವುದು? ರಾತ್ರಿ ಒಂದು ಸಣ್ಣ ದೀಪ, ಗೋಡೆಗೆ ಹಿಡಿಕೆ, ಜಾರದ ನೆಲ, ತಗ್ಗಿನ ಮಂಚ. 'ಎದ್ದು ಕೂತು, ಸ್ವಲ್ಪ ತಡೆದು ಆಮೇಲೆ ನಿಲ್ಲಿ ಅಜ್ಜಾರ' ಎಂದು ಹೇಳುವ ಒಬ್ಬ ನರ್ಸಮ್ಮ. ಕೋಟಿ ರೂಪಾಯಿ ಬೇಕೇ ಇದಕ್ಕೆ?

ಎರಡನೆಯದು ಊಟದ ಹೊತ್ತಿನದು. ಕೆಲವು ಔಷಧಿಗಳಿಂದ ಗಂಟಲಿನ ಸ್ನಾಯು ಬಿಗಿಯಾಗಿ ನುಂಗುವುದು ಕಷ್ಟವಾಗುತ್ತದೆ. ಕೆಲವರು ಗಬಗಬ ತಿನ್ನುತ್ತಾರೆ. ತುತ್ತು ಗಂಟಲಲ್ಲಿ ಸಿಕ್ಕಿಕೊಂಡರೆ ನಿಮಿಷಗಳ ಆಟ. ಅದಕ್ಕೇ ಊಟದ ಹೊತ್ತಿಗೆ ಪಕ್ಕದಲ್ಲಿ ಯಾರಾದರೂ ಕೂತಿರಬೇಕು. ತಟ್ಟೆ ಕೊಟ್ಟು ಬಾಗಿಲು ಹಾಕಿಕೊಂಡು ಹೋಗುವುದು ಸಲ್ಲದು.

ಮೂರನೆಯದು ಬಿಸಿಲು. ಕಲಬುರಗಿ, ರಾಯಚೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಾನಸಿಕ ರೋಗದ ಕೆಲವು ಔಷಧಿ ತಿನ್ನುವವರಿಗೆ ಮೈ ತಂಪು ಮಾಡಿಕೊಳ್ಳುವ ಶಕ್ತಿ ಕಡಿಮೆಯಾಗುತ್ತದೆ, ಬೆವರುವುದೂ ತಗ್ಗುತ್ತದೆ. ಲಿಥಿಯಂ ತಿನ್ನುವವರ ಮೈಯಲ್ಲಿ ನೀರು ಕಡಿಮೆಯಾದರೆ ಅದೇ ಔಷಧಿ ರಕ್ತದಲ್ಲಿ ಏರಿ ವಿಷವಾಗಬಹುದು. ಏಪ್ರಿಲ್-ಮೇ ತಿಂಗಳಲ್ಲಿ ತಗಡಿನ ಛಾವಣಿ ಕೆಳಗೆ, ಫ್ಯಾನಿಲ್ಲದ ವಾರ್ಡಿನಲ್ಲಿ ಇಟ್ಟರೆ ಅದೂ ಅಪಾಯವೇ. ಕೊಡ ತುಂಬ ತಣ್ಣೀರು, ಕಿಟಕಿಯ ಗಾಳಿ, ಕಾಲಕಾಲಕ್ಕೆ ರಕ್ತಪರೀಕ್ಷೆ. ಇಷ್ಟು ನೋಡಿಕೊಂಡರೆ ಅಪಾಯ ಬಹಳ ತಗ್ಗುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಗಂಭೀರ. ಬಾಳು ಬೇಡವಾಗಿ ಬಂದವರು. ಇವರಿಗೆ ಅಪಾಯವಾಗದಂತೆ ಕಟ್ಟಡ ಕಟ್ಟುವುದನ್ನು ಹಲವು ದೇಶಗಳು ಒಂದು ಶಾಸ್ತ್ರವನ್ನೇ ಮಾಡಿಕೊಂಡಿವೆ. ಬಾಗಿಲ ಹಿಡಿ, ಪರದೆಯ ಕಂಬಿ, ಬಚ್ಚಲ ನಲ್ಲಿ, ಕಿಟಕಿಯ ಗಾಜು ಎಲ್ಲಕ್ಕೂ ಲೆಕ್ಕ ಉಂಟು. ಭಾರ ಬಿದ್ದರೆ ತಾನೇ ಕಳಚಿಕೊಳ್ಳುವ ಪರದೆ ಕಂಬಿಯನ್ನು ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಗಳಲ್ಲಿ ಹಾಕಲೇಬೇಕು. ಹಾಗಂತ ಗೋಡೆಯನ್ನು ಮಾತ್ರ ನಂಬಿ ಕೂಡುವಂತಿಲ್ಲ. ಸಂಕಟ ಹೇಳಿಕೊಳ್ಳಲು ಒಂದು ಕಿವಿ, ಆಗಾಗ ಬಂದು 'ಏನಪ್ಪಾ, ನಿದ್ದಿ ಬಂತಾ?' ಎಂದು ಕೇಳುವ ಒಂದು ಬಾಯಿ. ಬರಿದೆ ಇಣುಕಿ ನೋಡಿ ರಿಜಿಸ್ಟರಿನಲ್ಲಿ ಟಿಕ್ ಹಾಕಿದರೆ ಕಾವಲಾಗದು.

ಕಟ್ಟಿದರೆ ಏನಾಗುತ್ತೆ?

ಐದನೆಯ ಅಪಾಯ ಬರುವುದು ರೋಗಿಯನ್ನು ತಡೆಯಲು ಹೋದವರ ಕೈಯಿಂದಲೇ. ನಾಲ್ಕು ಜನ ಮೇಲೆ ಬಿದ್ದು ಬೋರಲು ಹಾಕಿ ಒತ್ತಿ ಹಿಡಿದರೆ ಉಸಿರು ಕಟ್ಟುತ್ತದೆ. ಬಹಳ ಹೊತ್ತು ಮಂಚಕ್ಕೆ ಕಟ್ಟಿದರೆ ಕಾಲಿನ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಹೋಗಿ ಶ್ವಾಸಕೋಶದಲ್ಲಿ ಕೂತರೆ ಜೀವಕ್ಕೇ ಕುತ್ತು. ಮೈ ಹುಣ್ಣಾಗುತ್ತದೆ, ಮಣಿಕಟ್ಟಿನ ನರ ಜಖಂ ಆಗುತ್ತದೆ. ಕಟ್ಟುವ ಗಲಾಟೆಯಲ್ಲಿ ಅಟೆಂಡರ ಬೆರಳು ಮುರಿಯುವುದುಂಟು, ನರ್ಸಿನ ಹಲ್ಲು ಹೋಗುವುದುಂಟು. ಸಿಬ್ಬಂದಿಯ ಗಾಯವೂ ಗಾಯವೇ ತಾನೆ? ಅವರಿಗೂ ಹೆಂಡತಿ ಮಕ್ಕಳಿದ್ದಾರೆ.

ಕರೆಂಟ್ ಕೊಡುವ ಚಿಕಿತ್ಸೆಯ ವಿಷಯವೂ ಇಲ್ಲೇ ಹೇಳಬೇಕು. ಹಿಂದೆ ರೋಗಿಗೆ ಅರಿವಳಿಕೆ ಇಲ್ಲದೆ, ಸ್ನಾಯು ಸಡಿಲ ಮಾಡುವ ಔಷಧಿ ಇಲ್ಲದೆ ಅದನ್ನು ಕೊಡುತ್ತಿದ್ದರು. ಮೈ ಸೆಟೆದು ಬೆನ್ನುಮೂಳೆ ಬಿರುಕು ಬಿಟ್ಟ ಉದಾಹರಣೆಗಳಿದ್ದವು. ಈಗ ಹಾಗೆ ಕೊಡುವುದು ಕಾನೂನಿಗೆ ವಿರುದ್ಧ. ಅರಿವಳಿಕೆ ಕೊಟ್ಟೇ ಮಾಡಬೇಕು. ಸರಿಯಾಗಿ ಮಾಡಿದರೆ ತೀವ್ರ ಖಿನ್ನತೆಗೆ ಅದು ಒಳ್ಳೆಯ ಚಿಕಿತ್ಸೆ ಎನ್ನುವುದೂ ನಿಜ. ಸಿನಿಮಾ ನೋಡಿ ಹೆದರುವ ಕಾರಣವಿಲ್ಲ.

ಸಿನಿಮಾ ಎಂದಾಗ 'ಶರಪಂಜರ' ನೆನಪಾಗದೆ ಇರದು. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣನವರ ನಿರ್ದೇಶನ, 1971ರ ಚಿತ್ರ. ಆಸ್ಪತ್ರೆಯಿಂದ ಗುಣವಾಗಿ ಬಂದ ಕಾವೇರಿಯನ್ನು ಮನೆಯವರೂ ಊರವರೂ ಮಾತಿನಿಂದಲೇ ಮತ್ತೆ ಹುಚ್ಚಿ ಮಾಡಿದರು. ಗಾಯ ಬಚ್ಚಲ ನೆಲದಿಂದ ಮಾತ್ರ ಆಗುವುದಿಲ್ಲ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿಲ್ಲ.

ಸರಪಳಿ ಬಿಚ್ಚಿದವರು

ಕಟ್ಟದೆ ನೋಡಿಕೊಳ್ಳಲು ಆಗುತ್ತಾ? ಆಗುತ್ತೆ ಅಂತ ಇನ್ನೂರು ವರ್ಷದ ಹಿಂದೆಯೇ ಮಾಡಿ ತೋರಿಸಿದ್ದಾರೆ. ಪ್ಯಾರಿಸ್ಸಿನ ಬಿಸೆತ್ರ್ ಆಸ್ಪತ್ರೆಯಲ್ಲಿ ಪ್ಯುಸ್ಸಾಂ ಎಂಬ ಮೇಲ್ವಿಚಾರಕ 1797ರಲ್ಲಿ ರೋಗಿಗಳ ಸರಪಳಿ ತೆಗೆಸಿದ. ಹೆಸರು ಬಂದದ್ದು ಡಾಕ್ಟರ್ ಪಿನೆಲ್‌ಗೆ. ಇರಲಿ, ಕೆಲಸ ಮಾಡಿದವರಿಗೆ ಹೆಸರು ಸಿಗದಿರುವುದು ನಮ್ಮೂರಲ್ಲೂ ಹೊಸತಲ್ಲ. ಲಂಡನ್ನಿನ ಬಳಿಯ ಹ್ಯಾನ್‌ವೆಲ್ ಆಸ್ಪತ್ರೆಯಲ್ಲಿ ಜಾನ್ ಕಾನಲಿ 1839ರಲ್ಲಿ ಕಟ್ಟುವ ಪಟ್ಟಿ, ಬೇಡಿಗಳನ್ನೆಲ್ಲ ಬಂದ್ ಮಾಡಿದ.

ನಮ್ಮ ದೇಶದ್ದೇ ಉದಾಹರಣೆ ಬೇಕೇ? 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಎಂಬವರಿದ್ದರು. ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ 'ರೋಗಿಯ ಜತೆ ಮನೆಯವರೂ ಇರಿ' ಎಂದರು. ಅಮ್ಮನೋ ಅಕ್ಕನೋ ಪಕ್ಕದಲ್ಲಿದ್ದರೆ ರೋಗಿ ಬೇಗ ಶಾಂತನಾಗುತ್ತಾನೆ, ಬೇಗ ಗುಣವಾಗುತ್ತಾನೆ, ಕಾಯಿಲೆಯನ್ನು ನೋಡಿಕೊಳ್ಳುವುದನ್ನು ಮನೆಯವರೂ ಕಲಿಯುತ್ತಾರೆ ಎಂದು ತೋರಿಸಿಕೊಟ್ಟರು. ನಿಮ್ಹಾನ್ಸಿನ ಕುಟುಂಬ ವಾರ್ಡುಗಳ ಹಿಂದಿರುವುದೂ ಇದೇ ತತ್ವ.

ಇತ್ತೀಚಿನದು ಇನ್ನೊಂದು. ಇಂಗ್ಲೆಂಡಿನಲ್ಲಿ ಲೆನ್ ಬವರ್ಸ್ ಎಂಬ ನರ್ಸಿಂಗ್ ಪ್ರೊಫೆಸರರು 'ಸೇಫ್‌ವಾರ್ಡ್ಸ್' ಎಂಬ ಪದ್ಧತಿ ಮಾಡಿದರು. 15 ಆಸ್ಪತ್ರೆಗಳ 31 ವಾರ್ಡುಗಳಲ್ಲಿ ಪರೀಕ್ಷೆ ಮಾಡಿ 2015ರಲ್ಲಿ ಪ್ರಕಟಿಸಿದರು. ಆ ಪದ್ಧತಿಯಲ್ಲಿ ಏನಿದೆ ಅಂತ ಕೇಳಿದರೆ ನಗು ಬರುತ್ತೆ. ಸಿಬ್ಬಂದಿಯೂ ರೋಗಿಗಳೂ ಪರಸ್ಪರ ಊರು-ಕೇರಿ, ಇಷ್ಟಾನಿಷ್ಟ ಹೇಳಿಕೊಂಡು ಪರಿಚಯವಾಗುವುದು. 'ಇಲ್ಲ' ಅನ್ನಬೇಕಾದಾಗ ಮೆತ್ತಗೆ ಅನ್ನುವುದು. ಮನೆಯಿಂದ ಕೆಟ್ಟ ಸುದ್ದಿ ಬಂದವನನ್ನು ಮೊದಲೇ ಗುರುತಿಸಿ ಜತೆಗೆ ಕೂಡುವುದು. ಗಲಾಟೆಯಾದ ಮೇಲೆ ಉಳಿದ ರೋಗಿಗಳಿಗೂ ಧೈರ್ಯ ಹೇಳುವುದು. ಗುಣವಾಗಿ ಹೊರಟವರು ನಾಲ್ಕು ಒಳ್ಳೆಯ ಮಾತು ಬರೆದು ಗೋಡೆಗೆ ಹಚ್ಚಿ ಹೋಗುವುದು. ಅಷ್ಟೆ! ಇಷ್ಟರಿಂದಲೇ ಜಗಳ-ಗಲಾಟೆ ನೂರಕ್ಕೆ 15ರಷ್ಟು ತಗ್ಗಿತು. ಹಿಡಿದು ಕಟ್ಟುವ, ಕೂಡಿಹಾಕುವಂಥ ಕ್ರಮಗಳು ನೂರಕ್ಕೆ 26ರಷ್ಟು ಕಡಿಮೆಯಾದವು.

ವ್ಯಾಪಾರ ಮಾಡುವವರಿಗೆ ಇದು ಗೊತ್ತಿದ್ದ ವಿದ್ಯೆಯೇ. ಸಾಲ ಕೇಳಲು ಬಂದ ಗಿರಾಕಿಗೆ 'ಆಗಲ್ಲ ಹೋಗು' ಎಂದರೆ ಜಗಳ. 'ಬರ್ರಿ ಕೂಡ್ರಿ, ಈ ಸಲ ಕೈ ಬಿಗಿ ಐತ್ರಿ' ಎಂದರೆ ಆತನೇ ಎದ್ದು ನಮಸ್ಕಾರ ಹೇಳಿ ಹೋಗುತ್ತಾನೆ. ಸಿಟ್ಟಿಗೆದ್ದ ರೋಗಿಯ ಮುಂದೆಯೂ ಅದೇ ನಿಯಮ. ದನಿ ಏರಿಸಬಾರದು. ಮೈಮೇಲೆ ಹೋಗಬಾರದು, ಎರಡು ಮೊಳ ದೂರ ನಿಲ್ಲಬೇಕು. ಬಾಗಿಲು ಅಡ್ಡಗಟ್ಟಬಾರದು, ಇಬ್ಬರಿಗೂ ಹೊರಗೆ ಹೋಗುವ ದಾರಿ ಇರಬೇಕು. ಒಬ್ಬರೇ ಮಾತಾಡಬೇಕು. ಹತ್ತು ಜನ ಹತ್ತು ಕಡೆಯಿಂದ ಕೂಗಿದರೆ ನೆಟ್ಟಗಿದ್ದವನ ತಲೆಯೂ ಕೆಡುತ್ತದೆ.

ಕಾನೂನು ಏನನ್ನುತ್ತೆ?

2017ರಲ್ಲಿ ಪಾರ್ಲಿಮೆಂಟು ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ಮಾಡಿತು. 2018ರಲ್ಲಿ ಜಾರಿಗೆ ಬಂತು. ಏರ್ವಾಡಿಯ ಬೂದಿಯ ನೆನಪು ಅದರಲ್ಲಿದೆ. ಅಂಗಡಿ ಲೈಸೆನ್ಸಿನ ಕಾಯಿದೆ ಬಾಯಿಪಾಠ ಮಾಡುವವರು ಇದನ್ನೂ ಒಂದಿಷ್ಟು ತಿಳಿದಿರುವುದು ಮೇಲು.

ಯಾವುದೇ ಕಾರಣಕ್ಕೂ ಮಾನಸಿಕ ರೋಗಿಗೆ ಸರಪಳಿ ಹಾಕುವಂತಿಲ್ಲ. ಒಂಟಿ ಕೋಣೆಯಲ್ಲಿ ಕೂಡಿಹಾಕುವಂತಿಲ್ಲ. ಕೈಕಾಲು ತಡೆದು ಹಿಡಿಯುವುದು ಒಂದೇ ಸಂದರ್ಭದಲ್ಲಿ, ಅವರಿಗೋ ಬೇರೆಯವರಿಗೋ ಆ ಕ್ಷಣಕ್ಕೇ ಅಪಾಯವಿದ್ದು ಬೇರೆ ದಾರಿಯೇ ಇಲ್ಲದಾಗ. ಅದಕ್ಕೆ ಚಿಕಿತ್ಸೆಯ ಹೊಣೆ ಹೊತ್ತ ಮನೋವೈದ್ಯರ ಒಪ್ಪಿಗೆ ಬೇಕು. ಎಷ್ಟು ಬೇಕೋ ಅಷ್ಟೇ ಹೊತ್ತು. ಯಾಕೆ, ಹೇಗೆ, ಎಷ್ಟು ಹೊತ್ತು ಎಂಬುದನ್ನು ಕೂಡಲೆ ಕೇಸ್ ಕಾಗದದಲ್ಲಿ ಬರೆಯಬೇಕು. ರೋಗಿ ಆರಿಸಿಕೊಂಡ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ತಿಂಗಳು ತಿಂಗಳು ಪರಿಶೀಲನಾ ಮಂಡಳಿಗೆ ಲೆಕ್ಕ ಕೊಡಬೇಕು. ಶಿಕ್ಷೆಯೆಂದು ಕಟ್ಟುವಂತಿಲ್ಲ. 'ಸಿಬ್ಬಂದಿ ಕಡಿಮೆ ಇದ್ದರು ಸಾರ್, ಅದಕ್ಕೆ ಕಟ್ಟಿದ್ವಿ' ಎನ್ನುವುದನ್ನೂ ಕಾನೂನು ಒಪ್ಪುವುದಿಲ್ಲ. ಈ ಕೊನೆಯ ಮಾತನ್ನು ಎರಡು ಸಲ ಓದಿ. ಜನ ಸಾಲದು ಎಂಬುದು ಸರಕಾರದ ತಾಪತ್ರಯ. ಅದಕ್ಕೆ ರೋಗಿಯ ಕೈಕಾಲು ಬೆಲೆ ತೆರಬಾರದು.

ಇಷ್ಟೇ ಅಲ್ಲದೆ ಸುರಕ್ಷಿತ, ಶುಚಿಯಾದ ಜಾಗದಲ್ಲಿರುವುದು ರೋಗಿಯ ಹಕ್ಕು. ಬಲವಂತವಾಗಿ ತಲೆ ಬೋಳಿಸುವಂತಿಲ್ಲ. ಇಷ್ಟವಿದ್ದರೆ ತನ್ನ ಸ್ವಂತ ಬಟ್ಟೆ ತೊಡಬಹುದು. ದುಡಿಸಿಕೊಂಡರೆ ಕೂಲಿ ಕೊಡಬೇಕು. ಕಾಯಿದೆ ಮುರಿದವರಿಗೆ ಮೊದಲ ಸಲ ಆರು ತಿಂಗಳವರೆಗೆ ಜೈಲು ಅಥವಾ ಹತ್ತು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಮತ್ತೆ ಮುರಿದರೆ ಇನ್ನೂ ಜಾಸ್ತಿ.

ಪುಸ್ತಕದಲ್ಲಿ ಕಾನೂನು ಚೆನ್ನಾಗಿದೆ. ಆದರೆ ದೂರು ಕೊಡುವವರಿಲ್ಲದ ಕಾನೂನು ಗಿರಾಕಿಯಿಲ್ಲದ ಅಂಗಡಿಯ ಹಾಗೆ. ಬಾಗಿಲು ತೆರೆದಿರುತ್ತೆ, ವ್ಯಾಪಾರ ಇರೋದಿಲ್ಲ.

ಮನೆಯವರು ಮಾಡಬೇಕಾದ್ದು

ಅಡ್ಮಿಟ್ ಮಾಡುವ ದಿನ ನಾಲ್ಕು ಪ್ರಶ್ನೆ ಕೇಳಿ. ಸಂಕೋಚ ಬೇಡ. ರಾತ್ರಿ ಪಾಳಿಯಲ್ಲಿ ಎಷ್ಟು ಜನ ಇರ್ತಾರೆ? ಬೆಂಕಿ ಬಿದ್ದರೆ ಹೊರಗೆ ಬರೋ ದಾರಿ ಯಾವುದು, ಬೀಗದ ಕೈ ಯಾರ ಹತ್ತಿರ ಇರುತ್ತೆ? ಜೋರು ಮಾಡಿದರೆ ನೀವು ಏನು ಮಾಡ್ತೀರಿ? ನಮಗೆ ಯಾವಾಗ ತಿಳಿಸ್ತೀರಿ? ಒಳ್ಳೆಯ ಆಸ್ಪತ್ರೆಯವರು ಸಿಟ್ಟಾಗದೆ ಉತ್ತರ ಕೊಡುತ್ತಾರೆ. ಸಿಟ್ಟಾದರೆ ಅದೇ ಒಂದು ಉತ್ತರ.

ನಿಮಗೆ ಗೊತ್ತಿರುವುದನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಹಿಂದೆ ಜೀವಕ್ಕೆ ಅಪಾಯ ಮಾಡಿಕೊಂಡಿದ್ದರೆ, ಬಿದ್ದ ಚರಿತ್ರೆ ಇದ್ದರೆ, ಮೂರ್ಛೆ ಬರುತ್ತಿದ್ದರೆ, ಕುಡಿತ ಇದ್ದರೆ ಹೇಳಲೇಬೇಕು. ಮಗಳ ಮದುವೆಗೆ ತೊಡಕಾದೀತು ಎಂದು ಮುಚ್ಚಿಟ್ಟ ಗುಟ್ಟು ಜೀವಕ್ಕೆ ಎರವಾಗಬಹುದು. ಯಾವ ಮಾತಿಗೆ ಸಿಟ್ಟು ಬರುತ್ತೆ, ಯಾವ ಹಾಡಿಗೆ ಸಮಾಧಾನ ಆಗುತ್ತೆ ಎಂಬುದೂ ಮುಖ್ಯ. ಅದು ಯಾವ ಎಕ್ಸ್‌ರೇಯಲ್ಲೂ ಕಾಣುವುದಿಲ್ಲ, ತಾಯಿಗೆ ಮಾತ್ರ ಗೊತ್ತಿರುತ್ತದೆ.

ನೋಡಲು ಹೋಗಿ. ವಾರಕ್ಕೊಮ್ಮೆಯಾದರೂ ಹೋಗಿ. ನೋಡಲು ಬರುವವರಿದ್ದಾರೆ ಎಂದು ಗೊತ್ತಿರುವ ರೋಗಿಯ ಮೇಲೆ ಕೈ ಮಾಡಲು ಯಾರೂ ಹಿಂದೆಮುಂದೆ ನೋಡುತ್ತಾರೆ. ಮೈಮೇಲೆ ಬಾಸುಂಡೆ ಕಂಡರೆ, ಹಗ್ಗದ ಗುರುತು ಕಂಡರೆ ಕೇಳಿ, ಕಾಗದ ತೋರಿಸಿ ಅನ್ನಿ. ಸಮಾಧಾನವಾಗದಿದ್ದರೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಅರ್ಜಿ ಕೊಡಬಹುದು. ವಕೀಲರಿಗೆ ದುಡ್ಡಿಲ್ಲದಿದ್ದರೆ ಉಚಿತ ಕಾನೂನು ನೆರವು ಪಡೆಯುವುದೂ ರೋಗಿಯ ಹಕ್ಕು.

ಗುಣವಾಗಿ ಮನೆಗೆ ಬಂದ ಮೊದಲ ವಾರ ಹುಷಾರು. ಆಸ್ಪತ್ರೆಯ ಆಸರೆ ತಪ್ಪಿ ಮನೆಯ ಗದ್ದಲಕ್ಕೆ ಬಿದ್ದ ಆ ದಿನಗಳಲ್ಲೇ ಜೀವಕ್ಕೆ ಅಪಾಯ ಹೆಚ್ಚು ಎಂದು ಎಲ್ಲ ದೇಶದ ವೈದ್ಯರೂ ಕಂಡುಕೊಂಡಿದ್ದಾರೆ. ಮಾತ್ರೆ ತಪ್ಪಿಸಬಾರದು, ಒಂಟಿ ಬಿಡಬಾರದು, ಡಾಕ್ಟರ ಮರುಭೇಟಿ ತಪ್ಪಬಾರದು. ನಡುರಾತ್ರಿ ದಿಕ್ಕು ತೋಚದಿದ್ದರೆ ಸರಕಾರದ ಟೆಲಿ-ಮಾನಸ್ ಫೋನು 14416 ಇದೆ. 2022ರಲ್ಲಿ ಶುರುವಾದದ್ದು. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಇನ್ನೊಂದು ಗುಟ್ಟು. ಕಾಯಿಲೆ ಶುರುವಾದ ತಿಂಗಳಲ್ಲೇ ಹತ್ತಿರದ ಸರಕಾರಿ ದವಾಖಾನೆಗೆ ಕರೆದುಕೊಂಡು ಹೋದರೆ ಎಷ್ಟೋ ಮಂದಿ ವಾರ್ಡಿನ ಮೆಟ್ಟಿಲು ಹತ್ತುವ ಪ್ರಮೇಯವೇ ಬರುವುದಿಲ್ಲ. ಇದನ್ನು 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸಿನವರು ಮಾಡಿ ತೋರಿಸಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೇ ತರಬೇತಿ ಕೊಟ್ಟು ಅಲ್ಲೇ ಔಷಧಿ ಕೊಡಿಸಿದರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿಯಾಯಿತು. ನಮ್ಮ ನಾಡಿನಲ್ಲೇ ಹುಟ್ಟಿದ ವಿದ್ಯೆ ನಮಗೇ ಗೊತ್ತಿಲ್ಲದಿದ್ದರೆ ಹೇಗೆ? ದೆವ್ವ ಬಿಡಿಸುವವರ ಮನೆ ತಿರುಗಿ, ಗುಡಿ ಕಂಬಕ್ಕೆ ಕಟ್ಟಿ, ಎರಡು ವರ್ಷ ಕಳೆದ ಮೇಲೆ ಆಸ್ಪತ್ರೆಗೆ ತಂದು 'ನೋಡ್ರೀ ಸಾಹೇಬ್ರ' ಅಂದರೆ ಸಾಹೇಬರೂ ಕಷ್ಟಪಡಬೇಕು, ರೋಗಿಯೂ ಕಷ್ಟಪಡಬೇಕು.

ಸರಕಾರಕ್ಕೆ ಹೇಳಬೇಕಾದ್ದು ಎರಡೇ ಮಾತು. ವಾರ್ಡಿಗೆ ಸಾಕಷ್ಟು ನರ್ಸು, ಅಟೆಂಡರರನ್ನು ಕೊಡಿ. ಅವರಿಗೆ ಸಿಟ್ಟಿಗೆದ್ದವರ ಜತೆ ಮಾತಾಡುವ ತರಬೇತಿ ಕೊಡಿ. ಹೊಸ ಬ್ಲಾಕಿನ ಉದ್ಘಾಟನೆಗೆ ಹಾರ ತುರಾಯಿ ತರುವ ಮೊದಲು ಹಳೆ ಬ್ಲಾಕಿನ ಬಚ್ಚಲಲ್ಲಿ ದೀಪ ಉರಿಯುತ್ತಾ ಇದೆಯೇ ಎಂದು ಯಾರಾದರೂ ಅಧಿಕಾರಿ ರಾತ್ರಿ ಎರಡು ಗಂಟೆಗೆ ಹೋಗಿ ನೋಡಲಿ.

ಬೀಗ ಹಾಕುವುದು ಸುಲಭ. ಒಂದು ಕೈ ಸಾಕು. ಕಾಯುವುದಕ್ಕೆ ಕಣ್ಣು ಬೇಕು, ಕಿವಿ ಬೇಕು, ತುಸು ಸಹನೆ ಬೇಕು. ನಿಮ್ಮವರು ಒಳಗಿದ್ದರೆ ಬರುವ ಭಾನುವಾರ ಬಸ್ಸು ಹತ್ತಿ, ಒಂದು ಡಜನ್ ಬಾಳೆಹಣ್ಣು ಹಿಡಿದುಕೊಂಡು ಹೋಗಿ ಬನ್ನಿ.